ಟಾಕದ ಮೇಲೊಂದು ಚಿನ್ನದ ಚುಕ್ಕಿ

ಗುಲ್ಟೇಕಡಿಯ ವಸ್ತಿಯಲ್ಲಿ ಭೀಮವ್ವನದು ಒಂದೇ ಖೋಲಿಯ ಮನೆ. ಒಲೆ, ಬಚ್ಚಲ ಮೋರಿ, ದೇವರು, ಕೂಸಿನ ತೊಟ್ಟಿಲು ಎಲ್ಲ ಅಲ್ಲೇ. ಗಂಡ ಮಾಂತು ಮಾರ್ಕೆಟ್ ಯಾರ್ಡಿನಲ್ಲಿ ಹಮಾಲ. ಮಗಳು ಸಪ್ನಾ ಹುಟ್ಟಿದಾಗ ಅವನು ಜೇಜುರಿಯ ಖಂಡೋಬನಿಗೆ ಹರಕೆ ಹೊತ್ತಿದ್ದ. ಮನೆದೇವರ ಬೆಳ್ಳಿ ತಗಡಿಗೆ, ಅಂದರೆ ಟಾಕಕ್ಕೆ, ಒಂದು ಚಿನ್ನದ ಚುಕ್ಕಿ ಇಡಿಸುವ ಹರಕೆ.

ಒಂದು ಮಧ್ಯಾಹ್ನ ಅವನು ಗುಜರಿಯಿಂದ ಮಿಲಿಟರಿಯ ಹಳೆ ವೈರ್‌ಲೆಸ್ ಸೆಟ್ಟು ತಂದ. ಒಳಗಿನ ಪಿನ್ನುಗಳು ಹಳದಿಯಾಗಿ ಹೊಳೆಯುತ್ತಿದ್ದವು.

"ಖರೇ ಬಂಗಾರ ಅದ! ಟಾಕಾ ಹುಣಸಿಹಣ್ಣಿನ್ಯಾಗ ತೊಳಿತೀಯಲ್ಲ, ಹಂಗ ಇದನ್ನ ಆ್ಯಸಿಡ್‌ನ್ಯಾಗ ತೊಳದ್ರ ಆತು."

ಭೀಮವ್ವನಿಗೂ ಅದು ಸರಿ ಅನ್ನಿಸಿತು. ಉಪ್ಪಿನಕಾಯಿಯ ಖಾಲಿ ಭರಣಿ ಕೊಟ್ಟಳು. ಮಾಂತು ಪಿನ್ನುಗಳನ್ನು ಅದರಲ್ಲಿ ಹಾಕಿದ. ಮೇಲೆ ಅವನು ತಂದಿದ್ದ ಆ್ಯಸಿಡ್ ಬಿದ್ದದ್ದೇ ತಡ, ಕಂದು ಹೊಗೆ ಎದ್ದು ಖೋಲಿ ತುಂಬಿತು. ತೊಟ್ಟಿಲಲ್ಲಿ ಒಂದೂವರೆ ವರ್ಷದ ಸಪ್ನಾ ಕೆಮ್ಮತೊಡಗಿದಳು. ಕೆಮ್ಮು ನಿಲ್ಲಲೇ ಇಲ್ಲ.

ಘಾಟಿಗೆ ಪಕ್ಕದ ಮನೆಯ ಆರೋಗ್ಯ ಸೇವಿಕೆ ಪ್ರಫುಲ್ಲಾ ಓಡಿ ಬಂದಳು.

"ಭೀಮವ್ವಾ, ಮದಲ ಕೂಸಿನ್ನ ಬಯಲಿಗೆ ತಾ! ಮಾಂತೂ, ನೀನೂ ಹೊರಗ ಬಾ."

"ಇದನ್ನ ಮೋರಿಗೆ ಚೆಲ್ಲಿ ಬರ್ತೀನ್ರಿ ಅಕ್ಕಾ," ಮಾಂತು ಭರಣಿಗೆ ಕೈ ಹಾಕಿದ.

"ಮುಟ್ಟಬ್ಯಾಡ! ಫೈರ್ ಬ್ರಿಗೇಡಿಗೆ ಹೇಳೂಣು."

ಪ್ರಫುಲ್ಲಾ ಫೋನ್ ಮಾಡಿದಳು; ಮೂವರೂ ಕೂಸಿನೊಂದಿಗೆ ರಿಕ್ಷಾ ಹತ್ತಿ ದವಾಖಾನೆಗೆ ಓಡಿದರು. ಕೂಸಿನ ಮೂಗಿಗೆ ಆಕ್ಸಿಜನ್ ಹಚ್ಚಿದರು. ಹೊರಗೆ ಬೆಂಚಿನ ಮೇಲೆ ಮಾಂತು ಗೊಣಗಿದ, "ಎಲ್ಲಾರೂ ಮಾಡ್ತಾರಲ್ರಿ ಅಕ್ಕಾ."

"ಮಾಡಿದವರ ಎದಿ ಹೆಂಗ ಅದ, ಅದನ್ನೂ ಕೇಳು. ಹುಣಸಿ ಹೊಲಸು ತಗೀತದ. ಆ್ಯಸಿಡ್ ಹೊಗಿ ಎದಿ ಒಳಗ ಸುಡ್ತದ. ಪಿನ್ನಿನ ಬಂಗಾರ ನಿನ್ನ ಹೆಂಡತಿ ಉಗುರ ಬಣ್ಣಕಿಂತ ತೆಳ್ಳಗಿರ್ತದ, ಶಾಣ್ಯಾ!"

"ಮತ್ತ ಹರಕಿ?"

"ಕೂಸು ಕೊಟ್ಟ ದೇವರು ಅದರ ಉಸಿರು ಬೇಡ್ಯಾನೇನೋ?"

ಮಾಂತು ಎದ್ದು ಕೂಸಿದ್ದ ಖೋಲಿಯ ಬಾಗಿಲಿಗೆ ಹೋಗಿ ನಿಂತ.

ವೇಳೆಗೆ ಸರಿಯಾಗಿ ತಂದದ್ದೇ ಒಳ್ಳೆಯದಾಯಿತು ಎಂದರು ಡಾಕ್ಟರು. ಮರುದಿನ ಮುಂಜಾನೆ ಸಪ್ನಾ ಹಾಲು ಕೇಳಿದಳು. ಭೀಮವ್ವ ಅತ್ತಳು, ನಕ್ಕಳು. ಮಿಕ್ಕ ಸೆಟ್ಟನ್ನು ಮಾಂತು ತಾನೇ ಹೊತ್ತುಕೊಂಡು ಹೋಗಿ, ಪ್ರಫುಲ್ಲಾ ತೋರಿಸಿದ ಪರವಾನಗಿ ಇರುವ ಕೇಂದ್ರಕ್ಕೆ ಕೊಟ್ಟ.

ಖಂಡೋಬನ ಹಬ್ಬವಾದ ಚಂಪಾಷಷ್ಠಿಗೆ ಜೇಜುರಿಗೆ ಹೋದರು. ಹುಣಸೆಯಲ್ಲಿ ತೊಳೆದ ಟಾಕದ ಮೇಲೆ ಭೀಮವ್ವ ಚಿನ್ನದ ಬದಲು ಭಂಡಾರದ, ಅಂದರೆ ದೇವರ ಅರಿಸಿನಪುಡಿಯ, ಒಂದು ಹಳದಿ ಚುಕ್ಕಿ ಇಟ್ಟಳು. ಅಪ್ಪನ ಹೆಗಲೇರಿದ ಸಪ್ನಾ "ಏಳ್ಕೋಟ್!" ಎಂದು ಜನರಂತೆ ಖಂಡೋಬನ ಜಯಕಾರ ಕೂಗಿದಳು. ಹಿಂದೆಯೇ ಕೆಮ್ಮು ಬಂದೀತೆಂದು ತಾಯಿ ಕಿವಿಗೊಟ್ಟಳು. ಬರಲಿಲ್ಲ. ಸಪ್ನಾ ಮತ್ತೆ, ಇನ್ನೂ ಜೋರಾಗಿ ಕೂಗಿದಳು.

ಅಕ್ಕ ತಂಗಿಯರೇ, ಹಳೆಯ ರೇಡಿಯೋ, ಮೊಬೈಲು, ಕಂಪ್ಯೂಟರುಗಳನ್ನು ಮನೆಯಲ್ಲಿ ಒಡೆದು ಸುಡಬೇಡಿ, ಆ್ಯಸಿಡ್‌ಗೆ ಹಾಕಬೇಡಿ. ಇಡಿಯಾಗಿ ಪರವಾನಗಿ ಇರುವ ಕೇಂದ್ರಕ್ಕೇ ಕೊಡಿ. ಯಾರಾದರೂ ಹೊಗೆ ಕುಡಿದರೆ ಕೂಡಲೇ ಬಯಲಿಗೆ ತಂದು ದವಾಖಾನೆಗೆ ಒಯ್ಯಿರಿ. ಈಗ ಒಮ್ಮೆ ಎದ್ದು, ನಿಮ್ಮ ಮನೆಯಲ್ಲಿ ಆ್ಯಸಿಡ್ ಬಾಟಲಿ ಎಲ್ಲಿದೆ, ಕೂಸು ಎಲ್ಲಿ ಮಲಗಿದೆ, ನೋಡಿ ಬನ್ನಿ.