ಪಂಗಾನಿಯ ಗೋಡೆಗೆ ಸುಣ್ಣದ ಗಾರೆ

ಎಂಬತ್ತೈದನೇ ಇಸವಿಯ ಮೇ ತಿಂಗಳ ಒಂದು ಮಧ್ಯಾಹ್ನ. ನೈರೋಬಿಯ ಪಂಗಾನಿ ಬಡಾವಣೆಯಲ್ಲಿ ಎಲ್ಸಿ ಟೀಚರ್ ತನ್ನ ಮನೆಯ ಮುಂದಿನ ಕೋಣೆಯಲ್ಲಿ ನಡೆಸುತ್ತಿದ್ದ ಶಿಶುವಿಹಾರದಲ್ಲಿ ಇಪ್ಪತ್ತಾರು ಮಕ್ಕಳು ಚಾಪೆಯ ಮೇಲೆ ಮಲಗಿದ್ದರು. ಆಗ ಗೋಡೆಯಿಂದ ಅಂಗೈಯಗಲದ ಕಲ್ಲಿನ ಚಕ್ಕೆಯೊಂದು ಸಿಮೆಂಟಿನ ಸಮೇತ ಕಳಚಿ ಬಿತ್ತು. ಬಿದ್ದದ್ದು ಸುಶೀಲಾ ಎಂಬಾಕೆಯ ಮಗಳ ದಿಂಬಿನಿಂದ ಒಂದು ಗೇಣು ದೂರಕ್ಕೆ. ಮಗು ಅಳಲಿಲ್ಲ, ಮಗ್ಗುಲು ಬದಲಿಸಿ ಮತ್ತೆ ನಿದ್ದೆಹೋಯಿತು. ಎಲ್ಸಿ ಎಲ್ಲ ಚಾಪೆಗಳನ್ನೂ ಗೋಡೆಯಿಂದ ದೂರಕ್ಕೆ ಎಳೆದಳು. ಸಂಜೆ ಮಕ್ಕಳನ್ನು ಕರೆದೊಯ್ಯಲು ಬಂದ ಪ್ರತಿಯೊಬ್ಬ ತಾಯಿಗೂ ನಡೆದದ್ದನ್ನು ತಾನೇ ಹೇಳಿದಳು. ಮುಚ್ಚಿಡುವ ಜಾಯಮಾನ ಅವಳದಲ್ಲ. ಮರುದಿನ ಒಂಬತ್ತು ಮಕ್ಕಳು ಬಂದರು. ಅದರ ಮರುದಿನ ಅವಳೇ ಬಾಗಿಲಿಗೆ ಚೀಟಿ ಅಂಟಿಸಿ ಶಾಲೆ ಮುಚ್ಚಿದಳು.

ಅವಳ ಗಂಡ ಫ್ರೆಡ್ರಿಕ್ ಆ ಚಕ್ಕೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದ. ಅದರ ಮೇಲಿದ್ದ ಸಿಮೆಂಟು ಅವನೇ ಮೆತ್ತಿದ್ದು.

ಫ್ರೆಡ್ರಿಕ್ ಕಾಂಕ್ರೀಟಿನ ಮನುಷ್ಯ. ಮಂಗಳೂರಿನಿಂದ ಬಂದು ಇಪ್ಪತ್ತೆರಡು ವರ್ಷಗಳಾಗಿದ್ದವು. ಎಂಬಕಸಿಯಲ್ಲಿ ವಿಮಾನಗಳು ಓಡಾಡುವ ದಾರಿಗಳಿಗೆ, ಗೋದಾಮುಗಳಿಗೆ ಕಾಂಕ್ರೀಟು ಹಾಕಿಸುವುದೇ ಅವನ ಕೆಲಸ. ಪಂಗಾನಿಯ ಮನೆಯೋ ಅವನಿಗಿಂತ ಹಿರಿದು. ಎರಡನೇ ಮಹಾಯುದ್ಧಕ್ಕೆ ಮೊದಲು ಒಬ್ಬ ಕಚ್ಛೀ ವ್ಯಾಪಾರಿ ಕಟ್ಟಿಸಿದ್ದ ಬೂದುಗಲ್ಲಿನ ಮನೆ. ಕೊಂಡ ಮೂರನೇ ವರ್ಷವೇ ಮುಂದಿನ ಕೋಣೆಯ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿತ್ತು. ಫ್ರೆಡ್ರಿಕ್ ಗಟ್ಟಿ ಸಿಮೆಂಟು ಕಲಸಿ ತುಂಬಿದ. ಮರುವರ್ಷ ಅದರ ಪಕ್ಕದಲ್ಲೇ ಇನ್ನೊಂದು ಬಿರುಕು ಬಂತು. ಇನ್ನೂ ಗಟ್ಟಿಯಾಗಿ ಕಲಸಿದ. ಹೀಗೆ ಹತ್ತು ವರ್ಷ. ಎಂಬತ್ತನಾಲ್ಕರಲ್ಲಿ ಮಳೆ ಕೈಕೊಟ್ಟಾಗ ನೈರೋಬಿಯ ಕಪ್ಪು ಮಣ್ಣು ಒಣಗಿ ಬಾಯಿ ಬಿಟ್ಟಿತು, ಅದರ ಜೊತೆ ಗೋಡೆಯೂ ಬಾಯಿ ಬಿಟ್ಟಿತು. ಮರುವರ್ಷ ಏಪ್ರಿಲಿನಲ್ಲಿ ಮಳೆ ಹುಯ್ದಾಗ ಮಣ್ಣು ಉಬ್ಬಿತು, ಗೋಡೆ ಒದ್ದೆಯಾಯಿತು, ಕಲ್ಲಿನ ಮುಖ ಹಪ್ಪಳದಂತೆ ಏಳತೊಡಗಿತು.

"ಕಂಟ್ರಾಕ್ಟರ್ ಹತ್ರ ಮಾತಾಡಿದೀನಿ," ಎಂದ ಫ್ರೆಡ್ರಿಕ್. "ಆ ಗೋಡೇನ ಪೂರ್ತಿ ಕೆಡವಿ ಕಾಂಕ್ರೀಟ್ ಹಾಕ್ಬಿಡೋಣ. ಒಂದ್ಸಲಕ್ಕೆ ಮುಗೀತು."

ಎಲ್ಸಿ ಬೆಂಗಳೂರಿನ ಫ್ರೇಜರ್ ಟೌನಿನವಳು. ಹಾಗಾಗಿ ಮನೆಯಲ್ಲಿ ಕೊಂಕಣಿಗಿಂತ ಕನ್ನಡವೇ ಹೆಚ್ಚು, ಸಿಟ್ಟು ಬಂದಾಗಲಂತೂ ಬರೀ ಕನ್ನಡ.

"ಹತ್ತು ವರ್ಷದಿಂದ ನೀವು ಒಂದ್ಸಲಕ್ಕೆ ಮುಗಿಸ್ತಾನೇ ಇದೀರಿ," ಎಂದಳು. "ಈ ಸಲ ನಾನು ಒಬ್ರನ್ನ ಕರ್ಕೊಂಡು ಬರ್ತೀನಿ. ಅವರು ಏನಂತಾರೋ ಕೇಳಿ, ಆಮೇಲೆ ಕೆಡವೋದಾದ್ರೆ ಕೆಡವಿ."

ಅವಳು ಕರೆತಂದವನು ಮುಸ್ಯೋಕಾ. ಮಚಾಕೋಸ್ ಕಡೆಯ ಕಲ್ಲುಕೆಲಸದವ, ಅರವತ್ತೈದರ ಆಸುಪಾಸು. ಪಕ್ಕದ ನ್ಗಾರಾ ಬಡಾವಣೆಯ ಹಳೆಯ ಮನೆಗಳನ್ನು ಹುಡುಗನಾಗಿದ್ದಾಗ ಸಿಖ್ ಮೇಸ್ತ್ರಿಗಳ ಕೈಕೆಳಗೆ ಕಟ್ಟಿದವನು. ಚರ್ಚಿನ ಕಾಂಪೌಂಡು ಗೋಡೆಯನ್ನು ಅವನು ರಿಪೇರಿ ಮಾಡುವುದನ್ನು ಎಲ್ಸಿ ಎರಡು ವಾರ ನೋಡಿದ್ದಳು. ಎಲ್ಲರೂ ಅವನನ್ನು ಫುಂಡಿ, ಅಂದರೆ ಮೇಸ್ತ್ರಿ, ಎಂದೇ ಕರೆಯುತ್ತಿದ್ದರು.

ಬಿರುಕು ತೋರಿಸಲು ಫ್ರೆಡ್ರಿಕ್ ಬಾಗಿಲು ತೆರೆದ. ಮುಸ್ಯೋಕಾ ಒಳಗೆ ಬರಲಿಲ್ಲ. ಮನೆಯನ್ನು ಹೊರಗಿನಿಂದ ಎರಡು ಸುತ್ತು ಹಾಕಿದ. ಸೂರಿನ ನೀರಿನ ಪೈಪು ಎಲ್ಲಿಗೆ ಬಂದು ಸುರಿಯುತ್ತದೆಂದು ಬಗ್ಗಿ ನೋಡಿದ. ಅದು ಸುರಿಯುತ್ತಿದ್ದದ್ದು ನೇರವಾಗಿ ಬಿರುಕಿನ ಮೂಲೆಯ ಬುಡಕ್ಕೆ. ಅಲ್ಲಿಂದ ಹದಿನೈದು ಅಡಿ ದೂರದಲ್ಲಿ ದೊಡ್ಡ ನೀಲಗಿರಿ ಮರವಿತ್ತು. ಅದರ ಕಾಂಡದ ಮೇಲೆ ಕೈಯಿಟ್ಟು, "ಇದನ್ನ ನೆಟ್ಟವರು ಯಾರು?" ಎಂದು ಸ್ವಾಹಿಲಿಯಲ್ಲಿ ಕೇಳಿದ.

"ನಾನೇ, ಹದಿನಾಲ್ಕು ವರ್ಷ ಆಯ್ತು," ಎಂದ ಫ್ರೆಡ್ರಿಕ್.

"ಬೇಸಿಗೆಯಲ್ಲಿ ಇದು ನಿಮ್ಮ ಮನೆಯಡಿಯ ನೀರನ್ನೆಲ್ಲ ಹೀರುತ್ತೆ. ಮಳೆಗಾಲದಲ್ಲಿ ಪೈಪು ಅದೇ ಜಾಗಕ್ಕೆ ನೀರು ಕುಡಿಸುತ್ತೆ. ಮಣ್ಣು ಇಳಿಯುತ್ತೆ, ಏರುತ್ತೆ. ಗೋಡೆ ಏನು ಮಾಡಬೇಕು?"

ಫ್ರೆಡ್ರಿಕ್‌ಗೆ ಮೈಯೆಲ್ಲ ಉರಿಯಿತು. ತನಗೆ ಮಣ್ಣಿನ ಪಾಠ! "ಇದೇ ಕಪ್ಪು ಮಣ್ಣಿನ ಮೇಲೆ ಎಂಬಕಸಿಯಲ್ಲಿ ಮೈಲುಗಟ್ಟಲೆ ಕಾಂಕ್ರೀಟ್ ಹಾಕಿದೀನಿ, ಫುಂಡಿ. ಒಂದು ಬಿರುಕಿಲ್ಲ."

"ಹಾಕೋ ಮುಂಚೆ ಆ ಮಣ್ಣನ್ನ ಏನು ಮಾಡಿದಿರಿ?"

"ಅಗೆದು ತೆಗೆಸಿದೆವು. ಆಳು ಮುಳುಗುವಷ್ಟು ಅಗೆದು, ಲಾರಿಯಲ್ಲಿ ಹೊರಗೆ ಸಾಗಿಸಿ, ಕೆಂಪು ಗರಸು ತುಂಬಿಸಿ..."

ಹೇಳುತ್ತ ಹೇಳುತ್ತಲೇ ಅವನಿಗೆ ಹೊಳೆಯಿತು. ಈ ಮನೆಯಡಿಯ ಮಣ್ಣನ್ನು ಯಾವ ಲಾರಿಯೂ ಒಯ್ಯಲಾರದು. ಮುಸ್ಯೋಕಾ ಒಳಗೆ ಬಂದು, ಚಕ್ಕೆ ಬಿದ್ದಿದ್ದ ಜಾಗದಲ್ಲಿ ಕಲ್ಲನ್ನು ಉಗುರಿನಿಂದ ಕೆರೆದ. ಬೆಲ್ಲದಂತೆ ಪುಡಿಪುಡಿಯಾಗಿ ಉದುರಿತು.

"ಕಲ್ಲು ಮೆತ್ತಗೆ, ಸಿಮೆಂಟು ಗಟ್ಟಿ," ಎಂದ. "ಗೋಡೆಯೊಳಗಿನ ನೀರು ಕಲ್ಲು ಕಲ್ಲಿನ ನಡುವಿನ ಸಂದಿನಿಂದ ಹೊರಗೆ ಬರಬೇಕು. ಸಂದು ಮುಚ್ಚಿದರೆ ಕಲ್ಲನ್ನೇ ಒಡೆದುಕೊಂಡು ಬರುತ್ತೆ. ಜುಲೈ ಚಳಿಯಲ್ಲಿ ಗೋಡೆ ಒಣಗೋದೇ ಇಲ್ಲ ಅಲ್ವಾ? ಇದು ಸುಣ್ಣದ ಗಾರೆಯಲ್ಲಿ ಕಟ್ಟಿದ ಮನೆ. ಸುಣ್ಣವೇ ಬೇಕು."

ಆ ರಾತ್ರಿಯೇ ಫ್ರೆಡ್ರಿಕ್ ಮರ ಕಡಿಸುವವನಿಗೆ ಹೇಳಿ ಕಳಿಸಿದ. ತಪ್ಪು ಮಾಡಿದ್ದೇ ಆದರೆ ತಿದ್ದುವುದೂ ಒಂದೇ ಏಟಿಗೆ ಆಗಬೇಕು. ಅವನ ಸ್ವಭಾವವೇ ಹಾಗೆ. ಬೆಳಿಗ್ಗೆ ಕೊಡಲಿಯವನು ಬಂದು ನಿಂತಿದ್ದನ್ನು ಕಂಡ ಮುಸ್ಯೋಕಾ ಓಡಿ ಬಂದು ಅಡ್ಡ ನಿಂತ.

"ಪೋಲೆ ಪೋಲೆ, ಬ್ವಾನಾ! ನಿಧಾನ! ಹದಿನಾಲ್ಕು ವರ್ಷ ಕುಡಿದ ಮರ ಇದು. ಇವತ್ತೇ ಉರುಳಿಸಿದರೆ ಅಷ್ಟೂ ನೀರು ಮಣ್ಣಿನಲ್ಲೇ ಉಳಿಯುತ್ತೆ. ಮಣ್ಣು ಉಬ್ಬಿ ಗೋಡೆಯನ್ನ ಮೇಲಕ್ಕೆತ್ತುತ್ತೆ. ಈ ವರ್ಷ ಮೂರರಲ್ಲೊಂದು ಪಾಲು ಕೊಂಬೆ ಸಾಕು. ಮುಂದಿನ ವರ್ಷ ಇನ್ನೊಂದಿಷ್ಟು."

ಬಾಗಿಲಲ್ಲಿ ನಿಂತಿದ್ದ ಎಲ್ಸಿ ಗಂಡನ ಮುಖ ನೋಡಿ ನಗು ತಡೆಯಲಾರದೆ ಒಳಗೆ ಹೋದಳು. ಅವರ ಹದಿನಾರರ ಮಗಳು ಸಿಲ್ವಿಯಾ ಮಾತ್ರ ಎದುರಿಗೇ ನಕ್ಕು, "ಡ್ಯಾಡ್, ಯೂ ಗಾಟ್ ಟೋಲ್ಡ್! ಸರಿಯಾಗಿ ಹೇಳಿಸ್ಕೊಂಡ್ರಿ," ಎಂದಳು.

ಹಾಗೆ ಕೆಲಸ ಶುರುವಾಯಿತು. ಮೊದಲು ಪೈಪಿನ ನೀರನ್ನು ಚರಂಡಿ ತೋಡಿ ಮನೆಯಿಂದ ದೂರಕ್ಕೆ ತಿರುಗಿಸಿದರು. ಹಿತ್ತಿಲಲ್ಲಿ ಗುಂಡಿ ತೆಗೆದು ಸುಟ್ಟ ಸುಣ್ಣದ ಕಲ್ಲು ಸುರಿದು ನೀರು ಬಿಟ್ಟಾಗ ಅದು ಕೊತಕೊತನೆ ಕುದಿಯಿತು. ಆ ಹಬೆಯ ವಾಸನೆಗೆ ಫ್ರೆಡ್ರಿಕ್‌ಗೆ ಹಬ್ಬದ ಮುಂಚೆ ಚಿಪ್ಪುಸುಣ್ಣ ಕದಡುತ್ತಿದ್ದ ತಾಯಿಯ ನೆನಪಾಯಿತು. ಸುಣ್ಣ ಕೊಳೆತು ಬೆಣ್ಣೆಯಂತಾಗಲು ಐದು ವಾರ ಬೇಕು ಎಂದ ಮುಸ್ಯೋಕಾ. ಅಷ್ಟರೊಳಗೆ ಹಳೆಯ ಸಿಮೆಂಟನ್ನೆಲ್ಲ ಕಿತ್ತು ತೆಗೆಯಬೇಕು.

"ಅದನ್ನ ನಾನೇ ಮಾಡ್ತೀನಿ," ಎಂದ ಫ್ರೆಡ್ರಿಕ್. ಕೂಡಿಟ್ಟ ರಜೆಯನ್ನೆಲ್ಲ ತೆಗೆದುಕೊಂಡ.

ಮೊದಲ ದಿನ ಉಳಿಗೆ ಸುತ್ತಿಗೆಯಿಂದ ಹೊಡೆದದ್ದೇ ಹೊಡೆದದ್ದು. ಒಂದು ಗೇಣು ಸಿಮೆಂಟು ತೆಗೆಯುವಷ್ಟರಲ್ಲಿ ಮೂರು ಒಳ್ಳೆಯ ಕಲ್ಲುಗಳ ಅಂಚು ಹಾರಿಹೋಯಿತು. ಮುಸ್ಯೋಕಾ ಬಂದು ಅವನ ಕೈಯಿಂದ ಸುತ್ತಿಗೆ ಇಸಿದುಕೊಂಡು, ಅದರರ್ಧ ತೂಕದ ಇನ್ನೊಂದನ್ನು ಕೊಟ್ಟ.

"ನೀವು ಗೋಡೆಗೆ ಹೊಡೀತಿಲ್ಲ, ಯಾರಿಗೋ ಹೊಡೀತಿದ್ದೀರಿ."

ಫ್ರೆಡ್ರಿಕ್ ಒರಟು ಗೋಡೆಗೆ ಬೆನ್ನು ಕೊಟ್ಟು ಕೂತ. ಆಮೇಲೆ, ಹೆಂಡತಿಗೂ ಹೇಳದಿದ್ದದ್ದನ್ನು ಈ ಮನುಷ್ಯನಿಗೆ ಹೇಳಿದ. "ಆ ಮಗುವಿನ ತಲೆ ಒಂದು ಗೇಣು ಈಚೆಗಿದ್ದಿದ್ದರೆ? ಅಲ್ಲಿ ಸಿಮೆಂಟು ಮೆತ್ತಿದ್ದು ನಾನು, ಫುಂಡಿ. ಪ್ರತಿ ವರ್ಷ ಮೆತ್ತಿ, ಗೆದ್ದೆ ಅಂದುಕೊಂಡವನು ನಾನು."

ಮುಸ್ಯೋಕಾ ಥರ್ಮಾಸಿನಿಂದ ಚಹಾ ಬಗ್ಗಿಸಿ ಕೊಟ್ಟ. "ಸಿಮೆಂಟು ಬಂದ ಹೊಸದರಲ್ಲಿ ನಾನೂ ಮೆತ್ತಿದೀನಿ. ನ್ಗಾರಾದಲ್ಲಿ ನಾಲ್ಕು ಮನೆಗೆ. ಆ ಕಡೆ ಹೋದಾಗ ಈಗಲೂ ತಲೆ ತಗ್ಗಿಸಿ ನಡೀತೀನಿ. ಕುಡೀರಿ, ಆರಿಹೋಗುತ್ತೆ."

ಅವತ್ತಿನಿಂದ ಫ್ರೆಡ್ರಿಕ್‌ನ ಕೈ ಹಗುರವಾಯಿತು. ಮೋಡ ಕವಿದ, ಸ್ವೆಟರು ಬಿಡಲಾಗದ ಜುಲೈನ ದಿನಗಳಲ್ಲಿ ಇಬ್ಬರೂ ಪಕ್ಕಪಕ್ಕ ನಿಂತು ಸಂದುಗಳನ್ನು ಬಿಡಿಸಿದರು. ಕೊಳೆತ ಕಲ್ಲುಗಳನ್ನು ಹಲ್ಲು ಕಿತ್ತಂತೆ ಒಂದೊಂದಾಗಿ ತೆಗೆದು ಅದೇ ಜಾತಿಯ ಬೂದುಗಲ್ಲನ್ನು ಕೂರಿಸಿದರು. ಬಿರುಕಿನ ಉದ್ದಕ್ಕೂ ಅಲ್ಲಲ್ಲಿ ಉದ್ದ ಕಲ್ಲುಗಳನ್ನು ಅಡ್ಡಲಾಗಿ ಇಟ್ಟು, ಹರಿದ ಬಟ್ಟೆಗೆ ಹೊಲಿಗೆ ಹಾಕುವಂತೆ ಎರಡೂ ಬದಿಯನ್ನು ಕೂಡಿಸಿದರು. ಆಮೇಲೆ ಸುಣ್ಣದ ಗಾರೆ. ಅದು ಬೇಗ ಒಣಗಬಾರದು ಎಂದು ಒದ್ದೆ ಗೋಣಿತಾಟು ಇಳಿಬಿಟ್ಟು ದಿನಕ್ಕೆ ಮೂರು ಸಲ ನೀರು ಚಿಮುಕಿಸುವುದು ಎಲ್ಸಿಯ ಪಾಲಿಗೆ ಬಂತು. ಕಾಂಕ್ರೀಟು ಒಂದು ರಾತ್ರಿಗೆ ಗಟ್ಟಿಯಾಗುತ್ತದೆ. ಇದು ವಾರವಾದರೂ ಉಗುರಿಗೆ ಸಿಗುತ್ತಿತ್ತು. ಫ್ರೆಡ್ರಿಕ್ ದಿನವೂ ಒತ್ತಿ ನೋಡುತ್ತಿದ್ದ, ದಿನವೂ ಎಲ್ಸಿಯಿಂದ ಬೈಸಿಕೊಳ್ಳುತ್ತಿದ್ದ.

ನವೆಂಬರಿನಲ್ಲಿ ವರ್ಷದ ಎರಡನೇ, ಚಿಕ್ಕ ಮಳೆಗಾಲ ಶುರುವಾಯಿತು. ಎರಡನೇ ವಾರ ಬೆಳಿಗ್ಗೆ ಹಲ್ಲುಜ್ಜುತ್ತ ಮುಂದಿನ ಕೋಣೆಗೆ ಬಂದ ಫ್ರೆಡ್ರಿಕ್ ಹಾಗೇ ನಿಂತುಬಿಟ್ಟ. ಮೂಲೆಯಲ್ಲಿ, ಹೊಸ ಗಾರೆಯಲ್ಲಿ, ಮೊಳದುದ್ದದ ಎಳೆಬಿರುಕು. ಐದು ತಿಂಗಳ ಬೆವರು ನೀರಿಗೆ ಹೋಯಿತು ಎಂದುಕೊಂಡ. ಕೆಲಸಕ್ಕೂ ಹೋಗದೆ ಮಟಾಟು ವ್ಯಾನು ಹತ್ತಿ, ಮುಸ್ಯೋಕಾ ಕೆಲಸ ಮಾಡುತ್ತಿದ್ದ ಕಡೆಗೇ ಹೋಗಿ ಅವನನ್ನು ಕರೆತಂದ.

ಮುಸ್ಯೋಕಾ ಕನ್ನಡಕ ಹಾಕಿಕೊಂಡು ನೋಡಿದ. ಬೆರಳಿನಿಂದ ಉದ್ದಕ್ಕೂ ಸವರಿದ. ಆಮೇಲೆ ಜೋರಾಗಿ ನಕ್ಕ.

"ಕಲ್ಲು ಒಡೆದಿದೆಯಾ?"

"ಇಲ್ಲ."

"ಸಂದಿನಲ್ಲಿ ಮಾತ್ರ?"

"ಹೌದು."

"ಮತ್ತೆ ಅಳೋದ್ಯಾಕೆ? ಮಣ್ಣು ಏರಿದೆ, ಗೋಡೆ ಒಂಚೂರು ಜರುಗಿ ಜಾಗ ಕೊಟ್ಟಿದೆ. ಇದನ್ನ ಮುಟ್ಟಬೇಡಿ. ಸುಣ್ಣ ತಾನೇ ಮುಚ್ಚಿಕೊಳ್ಳುತ್ತೆ. ಮುಚ್ಚದಿದ್ದರೆ ಜನವರಿಯಲ್ಲಿ ಒಂದು ಚಮಚ ಗಾರೆ ಸಾಕು."

ಮುಟ್ಟದೆ ಇರುವುದು ಫ್ರೆಡ್ರಿಕ್‌ನ ಜೀವಮಾನದಲ್ಲೇ ಕಠಿಣವಾದ ಕೆಲಸವಾಗಿತ್ತು. ಆದರೂ ಇದ್ದ. ಕ್ರಿಸ್‌ಮಸ್ ಹೊತ್ತಿಗೆ ಬಿರುಕಿನ ಅರ್ಧಭಾಗ ಬಿಳಿಗಟ್ಟಿ ಕೂಡಿಕೊಂಡಿತ್ತು. ಗೋಡೆ ಒಣಗಿತ್ತು, ವರ್ಷಗಟ್ಟಲೆ ಇದ್ದ ಮುಗ್ಗಲು ವಾಸನೆ ಹೋಗಿತ್ತು.

ಜನವರಿಯಲ್ಲಿ ಶಾಲೆ ತೆರೆಯುವ ಮುನ್ನ ಎಲ್ಸಿ ಎಲ್ಲ ತಾಯಂದಿರಿಗೂ ಬಂದು ನೋಡುವಂತೆ ಹೇಳಿ ಕಳಿಸಿದಳು. ಮೊದಲು ಬಂದವಳು ಸುಶೀಲಾ. ಮೈಸೂರಿನವಳು, ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಅಧ್ಯಾಪಕಿ. ಅವಳು ಕಾಫಿಯನ್ನೂ ಮುಟ್ಟದೆ ನೇರವಾಗಿ ಮೂಲೆಗೆ ಹೋದಳು.

"ಇಲ್ಲೊಂದು ಕ್ರ್ಯಾಕ್ ಇದೆಯಲ್ಲ, ಮಿಸ್ಟರ್ ಫ್ರೆಡ್ರಿಕ್."

"ಇದೆ. ನವೆಂಬರಿನಲ್ಲಿ ಬಂದದ್ದು. ಈಗ ಅರ್ಧ ಮುಚ್ಚಿದೆ."

"ಅಂದ್ರೆ ಮತ್ತೆ ಬರಲ್ಲ ಅಂತ ಗ್ಯಾರಂಟಿ ಕೊಡ್ತೀರಾ?"

ಬಾಗಿಲಲ್ಲಿ ನಿಂತಿದ್ದ ಎಲ್ಸಿ ಗಂಡನತ್ತ ನೋಡಿದಳು. ಫ್ರೆಡ್ರಿಕ್ ಗೋಡೆಯ ಮೇಲೆ ಕೈಯಿಟ್ಟ.

"ಕೊಡೋದಿಲ್ಲ," ಎಂದ. "ಬರುತ್ತೆ. ಈ ಮಣ್ಣಿನ ಮೇಲೆ ಬರ್ದೇ ಇರಲ್ಲ. ಆದ್ರೆ ಈಗ ಕಲ್ಲು ಒಡೆಯಲ್ಲ, ಚಕ್ಕೆ ಬೀಳಲ್ಲ. ಎಲ್ಲಿ ಬರುತ್ತೆ ಅಂತ ನಂಗೆ ಗೊತ್ತು. ಪ್ರತಿ ಸೋಮವಾರ ಮಕ್ಕಳು ಬರೋ ಮುಂಚೆ ಗೋಡೇನೆಲ್ಲ ಕೈಯಲ್ಲಿ ತಟ್ಟಿ ನೋಡ್ತೀನಿ. ನೀವೂ ಬಂದು ನೋಡಬಹುದು. ಮೇ ತಿಂಗಳಲ್ಲಿ ಆಗಿದ್ದು ನನ್ನ ತಪ್ಪು, ಸುಶೀಲಾ ಅವರೇ."

ಸುಶೀಲಾ ಗೋಡೆಗೆ ಇನ್ನಷ್ಟು ಹತ್ತಿರ ಹೋಗಿ ಬಿಳಿಗಟ್ಟಿದ ಗೆರೆಯನ್ನು ಬೆರಳಿನಿಂದ ಮುಟ್ಟಿದಳು. ಅವಳ ದನಿ ಬದಲಾಗಿತ್ತು.

"ಸುಣ್ಣ ನೀರಲ್ಲಿ ಕರಗಿ ಬಂದು, ಗಾಳಿ ತಗೊಂಡು ಮತ್ತೆ ಕಲ್ಲಾಗಿದೆ. ಕ್ಲಾಸಲ್ಲಿ ಎಷ್ಟು ವರ್ಷದಿಂದ ಬೋರ್ಡ್ ಮೇಲೆ ಬರೀತಿದೀನಿ ಇದನ್ನ! ಗೋಡೇಲಿ ನೋಡಿದ್ದು ಇವತ್ತೇ." ತಿರುಗಿ ಎಲ್ಸಿಗೆ, "ಎಷ್ಟು ಗಂಟೆಗೆ ಕರ್ಕೊಂಡ್ಬರ್ಲಿ ಅವಳನ್ನ?" ಎಂದಳು. "ಆ ಕಾಫಿ ಇನ್ನೂ ಬಿಸಿ ಇದೆಯಾ?"

ಮೊದಲ ದಿನ ಹದಿಮೂರು ಮಕ್ಕಳು ಬಂದರು. ಫೆಬ್ರವರಿ ಹೊತ್ತಿಗೆ ಹತ್ತೊಂಬತ್ತಾಯಿತು. ಎಲ್ಲರೂ ಮರಳಲಿಲ್ಲ, ಕೆಲವರು ಬೇರೆ ಶಾಲೆ ಸೇರಿದ್ದರು. ಎಲ್ಸಿ ಅದಕ್ಕೆ ಬೇಸರಪಟ್ಟುಕೊಳ್ಳಲಿಲ್ಲ.

ಮಾರ್ಚಿನಲ್ಲಿ ಬಿತ್ತನೆಗೆಂದು ಊರಿಗೆ ಹೊರಟ ಮುಸ್ಯೋಕಾ ಹೇಳಿಹೋಗಲು ಬಂದ. ಮನೆಯ ಹಿಂಬದಿಯ ಗೋಡೆಯ ಕೆಲಸ ಇನ್ನೂ ಬಾಕಿಯಿತ್ತು.

"ನೀವು ಬರೋವರೆಗೆ ಕಾಯ್ತೀವಿ," ಎಂದ ಫ್ರೆಡ್ರಿಕ್.

"ಯಾಕೆ ಕಾಯಬೇಕು? ಗುಂಡಿಯಲ್ಲಿ ಸುಣ್ಣ ಇದೆ. ನಿಮಗೆ ಕೈ ಇದೆ." ಮುಸ್ಯೋಕಾ ಟೋಪಿ ಸರಿಮಾಡಿಕೊಂಡ. "ಸಂದು ತುಂಬೋದನ್ನ ಮಾತ್ರ ಅಮ್ಮಾವ್ರಿಗೆ ಬಿಡಿ. ನೀವು ಆನೆ ಥರ ಒತ್ತುತ್ತೀರಿ."

ಮುಂದಿನ ಶನಿವಾರ ಗಂಡಹೆಂಡಿರಿಬ್ಬರೂ ಹಳೆಯ ಬಟ್ಟೆ ತೊಟ್ಟು ಹಿತ್ತಿಲಿಗೆ ಇಳಿದರು. ಫ್ರೆಡ್ರಿಕ್ ಗಾರೆ ಕಲಸಿದ. ಎಲ್ಸಿ ಸಣ್ಣ ಕರಣೆ ಹಿಡಿದು ಮೊದಲ ಸಂದನ್ನು ತುಂಬಿ, ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡಿದಳು.

"ಹೇಗಿದೆ?"

"ಫುಂಡಿ ಸರಿಯಾಗೇ ಹೇಳಿದ," ಎಂದ ಫ್ರೆಡ್ರಿಕ್. ಇನ್ನೊಂದು ಬಾಣಲೆ ಸುಣ್ಣ ತರಲು ಗುಂಡಿಯ ಕಡೆ ನಡೆದ.