ಹಳದಿ ಚೌಕದೊಳಗಿನ ಎರಡು ಕಂಬ

ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಹದ್ದಮ್ಮ ಎನ್ನುತ್ತಿದ್ದರು. ಹೆಂಗಸರ ಗರ್ಭಕಂಠದಿಂದ ತೆಗೆದು ಗಾಜಿನ ಮೇಲೆ ಸವರಿದ ಜೀವಕೋಶಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಕ್ಯಾನ್ಸರಿನ ಸುಳಿವು ಹುಡುಕುವುದು ಅವಳ ಕೆಲಸ. ಇಪ್ಪತ್ತಾರು ವರ್ಷದಿಂದ ಅದೇ ಕುರ್ಚಿ. ಸಾವಿರ ಕೋಶಗಳ ನಡುವೆ ಒಂದೇ ಒಂದು ಮುಖ ಕೆಡಿಸಿಕೊಂಡು ಕೂತಿದ್ದರೂ ಅವಳ ಕಣ್ಣಿಗೆ ಬೀಳುತ್ತಿತ್ತು. ಅಡ್ಡಹೆಸರು ಕಿವಿಗೆ ಬಿದ್ದಾಗ ಹುಬ್ಬು ಗಂಟಿಕ್ಕುತ್ತಿದ್ದಳಾದರೂ ಒಳಗೊಳಗೇ ಹಿಗ್ಗುತ್ತಿದ್ದಳು.

ಅವಳಿಗಿದ್ದ ಹುಚ್ಚು ಒಂದೇ, ಫಿಲ್ಮ್ ಹಾಕಿ ಫೋಟೋ ತೆಗೆಯುವುದು. ಜೊತೆಗಿದ್ದ ತಂಗಿ ಹೊಲಿಗೆ ಅಂಗಡಿ ನಡೆಸುವವಳು, ಮಾತೂ ಕತ್ತರಿಯಷ್ಟೇ ಚೂಪು. "ಫೋನಲ್ಲೇ ಸಾವಿರ ಫೋಟೋ ಬರತ್ತಲ್ಲಕ್ಕ. ನೀನು ಹತ್ತು ಫೋಟೋಗೆ ಹದಿನೈದು ದಿನ ಕಾಯ್ತೀಯ" ಎಂದು ಆಡಿಕೊಳ್ಳುತ್ತಿದ್ದಳು. ಅಕ್ಕನ ಆಸೆ ಇನ್ನೂ ದೊಡ್ಡದಿತ್ತು. ಮಾಮೂಲಿಗಿಂತ ಅಗಲವಾದ ಫಿಲ್ಮ್ ಹಿಡಿಯುವ, ಆದರೂ ಮಡಚಿ ಕೈಚೀಲಕ್ಕೆ ಹಾಕಿಕೊಳ್ಳಬಹುದಾದ ಮೀಡಿಯಂ ಫಾರ್ಮ್ಯಾಟ್ ರೇಂಜ್‌ಫೈಂಡರ್ ಕ್ಯಾಮೆರಾ ಅವಳಿಗೆ ಬೇಕಿತ್ತು. ಮೂರು ವರ್ಷ ಹುಡುಕಿದ ಮೇಲೆ, ಚಪ್ಪಲಿ ಅಂಗಡಿಯ ಮಹಡಿಯಲ್ಲಿ ಕ್ಯಾಮೆರಾ ರಿಪೇರಿ ಮಾಡುವ ಯಜಮಾನರ ಬಳಿ ಒಂದು ಬಂದಿದೆ ಎಂದು ತಿಳಿಯಿತು.

ಶನಿವಾರ ಮಧ್ಯಾಹ್ನ ಅಲ್ಲಿಗೆ ಹೋದಳು. ಕಿರಿದಾದ ಕೋಣೆ. ಮೇಜಿನ ತುಂಬ ಸಣ್ಣ ಸ್ಕ್ರೂಗಳು, ಬಿಚ್ಚಿಟ್ಟ ಲೆನ್ಸುಗಳು. ಎದುರು ಗೋಡೆಗೆ, ಲೆನ್ಸು ನೇರವಾಗಿದೆಯೋ ಇಲ್ಲವೋ ಪರೀಕ್ಷಿಸಲು ಚೌಕುಳಿ ಗೆರೆಗಳ ದೊಡ್ಡ ಹಾಳೆ ಅಂಟಿಸಿದ್ದರು. ಯಜಮಾನರು ಕಪ್ಪು ಡಬ್ಬಿಯಂಥದ್ದನ್ನು ಅವಳ ಕೈಗಿತ್ತರು. ಗುಂಡಿ ಒತ್ತಿದೊಡನೆ ಮುಚ್ಚಳ ತೆರೆದುಕೊಂಡು, ಚರ್ಮದ ತಿದಿ ಉಸಿರೆಳೆದುಕೊಂಡ ಹಾಗೆ ಹಿಗ್ಗಿ, ಲೆನ್ಸು ಮುಂದೆ ಬಂದು ನಿಂತಿತು. ಅವಳ ಎದೆ ಜೋರಾಗಿ ಹೊಡೆದುಕೊಂಡಿತು. ಅದಿನ್ನೂ ಖುಷಿಯ ಬಡಿತ.

"ಕಿಟಕಿ ಹತ್ರ ಹೋಗಿ ನೋಡಿ ಮೇಡಂ. ನಡುವೆ ಹಳದಿ ಚೌಕ ಕಾಣತ್ತೆ. ಅದರೊಳಗೆ ಒಂದು ವಸ್ತು ಎರಡಾಗಿ ಕಾಣತ್ತೆ. ಉಂಗುರ ತಿರುಗಿಸಿ, ಎರಡೂ ಒಂದಾದ್ರೆ ಫೋಕಸ್ ಆಯ್ತು ಅಂತ" ಎಂದರು ಯಜಮಾನರು.

ಅವಳು ಬಲಗಣ್ಣಿಗೆ ಕ್ಯಾಮೆರಾ ಹಿಡಿದು ರಸ್ತೆಯಾಚೆಯ ದೀಪದ ಕಂಬ ನೋಡಿದಳು. ಉಂಗುರ ತಿರುಗಿಸಿದಳು. ಎರಡು ಕಂಬಗಳು ಹತ್ತಿರ ಬಂದವು, ಒಂದಾಗಲಿಲ್ಲ. ಚೌಕದ ನಡುವೆ ಹೋಗುತ್ತಿದ್ದ ಹಾಗೆ ಕಂಬ ಸೊಂಟ ಮುರಿದುಕೊಂಡಂತೆ ಬಾಗಿ, ಅಲ್ಲೇ ಮಸುಕಾಗುತ್ತಿತ್ತು.

"ಇದು ಸರಿಯಿಲ್ಲ ಯಜಮಾನ್ರೇ."

"ನಿನ್ನೆ ತಾನೇ ಕೂತು ಸರಿಮಾಡಿದೀನಿ."

"ಕಂಬ ಸೊಟ್ಟ ಕಾಣ್ತಿದೆ. ನಡುವೆ ಮಬ್ಬು. ನನ್ನ ಕಣ್ಣಿಗೆ ಮಣ್ಣೆರಚಬೇಡಿ."

ಯಜಮಾನರು ಬೇಸರಪಟ್ಟುಕೊಳ್ಳದೆ ತಾವೇ ನೋಡಿದರು. ಕ್ಯಾಮೆರಾ ಮರಳಿಸಿದರು. "ಎಡಗಣ್ಣಲ್ಲಿ ನೋಡಿ" ಎಂದರು.

ಎಡಗಣ್ಣಿಗೆ ಹಿಡಿದಳು. ಎರಡು ಕಂಬಗಳು ಸರಸರನೆ ಸರಿದು ಬಂದು ಒಂದಾಗಿ ನೆಟ್ಟಗೆ ನಿಂತವು. ಕಂಬದ ಮೇಲೆ ಅಂಟಿಸಿದ್ದ ಚೀಟಿಯ ಹರಿದ ಅಂಚು ಕೂಡ ಕಾಣುತ್ತಿತ್ತು.

ಯಜಮಾನರು ಗೋಡೆಯ ಹಾಳೆ ತೋರಿಸಿ, "ಎಡಗಣ್ಣು ಮುಚ್ಚಿ, ಅದರ ಮಧ್ಯದ ಚುಕ್ಕೆ ನೋಡಿ" ಎಂದರು. ನೋಡಿದಳು. ಸುತ್ತಲಿನ ಗೆರೆಗಳೆಲ್ಲ ಸರಿಯಾಗಿದ್ದವು. ನಡುವಿನವು ಮಾತ್ರ ನೀರಿಗೆ ಕಲ್ಲು ಹಾಕಿದಂತೆ ಅಲೆಯಲೆಯಾಗಿದ್ದವು. ಚುಕ್ಕೆ ಇರಬೇಕಾದ ಜಾಗದಲ್ಲಿ ಬೂದಿ ಬಣ್ಣದ ಕಲೆ.

"ಕ್ಯಾಮೆರಾ ಎಲ್ಲೂ ಓಡಿಹೋಗಲ್ಲ. ಮೊದಲು ಕಣ್ಣು ತೋರಿಸಿ" ಎಂದರು ಅವರು, ಮೆಲ್ಲಗೆ.

"ನಿದ್ದೆ ಸಾಲದೆ ಹೀಗಾಗಿದೆ, ಅಷ್ಟೇ" ಎಂದಳು. ಚೌಕಾಸಿ ಮಾಡದೆ ಅವರು ಹೇಳಿದ್ದನ್ನೇ ಕೊಟ್ಟು, ಕ್ಯಾಮೆರಾವನ್ನು ಚೀಲಕ್ಕೆ ತುರುಕಿಕೊಂಡು ಮೆಟ್ಟಿಲಿಳಿದಳು. ಕೊಳ್ಳದೆ ಹೋದರೆ ಕಣ್ಣು ಕೆಟ್ಟಿದೆಯೆಂದು ತಾನೇ ಒಪ್ಪಿಕೊಂಡಂತೆ ಎಂಬ ಯೋಚನೆ ಅವಳನ್ನು ಓಡಿಸುತ್ತಿತ್ತು.

ಬೀದಿಯಲ್ಲಿ ಎಡಗಣ್ಣು ಮುಚ್ಚಿ ನೋಡಿದಳು. ಎದುರು ಬರುತ್ತಿದ್ದ ಬಸ್ಸಿನ ನಂಬರು ಇರಲಿಲ್ಲ. ಹಣ್ಣಿನವನಿಗೆ ಟೋಪಿಯಿತ್ತು, ಕಿವಿಯಿತ್ತು, ಮುಖವಿರಲಿಲ್ಲ. ಎರಡೂ ಕಣ್ಣು ತೆರೆದರೆ ಎಲ್ಲವೂ ಇದ್ದ ಜಾಗದಲ್ಲೇ ಇತ್ತು. ಇಷ್ಟು ದಿನ ಒಂದು ಕಣ್ಣು ಇನ್ನೊಂದರ ತಪ್ಪನ್ನು ಸದ್ದಿಲ್ಲದೆ ಮುಚ್ಚಿಡುತ್ತಿತ್ತು. ಬಸ್ ಸ್ಟಾಪಿನ ಬೆಂಚಿನ ಮೇಲೆ ಕುಸಿದು ಕೂತಾಗ ಅದಕ್ಕಿಂತ ದೊಡ್ಡ ಭಯ ಬಂದು ಎದೆಯ ಮೇಲೆ ಕೂತಿತು. ಇದು ಯಾವತ್ತಿನಿಂದ? ಮೈಕ್ರೋಸ್ಕೋಪಿಗೂ ಎರಡು ಕಣ್ಣಿಟ್ಟೇ ಅಲ್ಲವೇ ನೋಡುವುದು? ದಿನಕ್ಕೆ ಐವತ್ತು ಸ್ಲೈಡು. "ತೊಂದರೆಯೇನಿಲ್ಲ" ಎಂದು ಅವಳು ಬರೆದುಕೊಟ್ಟದ್ದನ್ನು ನಂಬಿ ಎಷ್ಟು ಹೆಂಗಸರು ನೆಮ್ಮದಿಯಾಗಿ ಮನೆಯಲ್ಲಿದ್ದಾರೆ?

ತಂಗಿಗೆ ಹೇಳಲಿಲ್ಲ. ಊಟಕ್ಕೆ ಕೂತಾಗ ತಂಗಿ, "ಏನಕ್ಕ, ಬೇಕಾಗಿದ್ದು ಸಿಕ್ಕಿದ ಮೇಲೆ ಮುಖ ಹೀಗೆ ಹುಳ್ಳಗೆ?" ಎಂದಳು. ತಲೆನೋವು ಎಂದು ನೆಪ ಹೇಳಿ ಎದ್ದಳು.

ಸೋಮವಾರ ಎಲ್ಲರಿಗಿಂತ ಮೊದಲೇ ಲ್ಯಾಬಿಗೆ ಹೋದಳು. ಕೆಟ್ಟ ಕೋಶಗಳಿವೆ ಎಂದು ಗೊತ್ತಿದ್ದ ಹಳೆಯ ಸ್ಲೈಡೊಂದನ್ನು ತೆಗೆದಿಟ್ಟು, ಎಡಗಣ್ಣು ಮುಚ್ಚಿ ನೋಡಿದಳು. ಆ ಕೋಶಗಳ ಗುಂಪನ್ನು ನಟ್ಟನಡುವೆ ತಂದ ಕೂಡಲೇ ಅದು ಮಾಯವಾಯಿತು. ಪಕ್ಕಕ್ಕೆ ಸರಿಸಿದರೆ ಮತ್ತೆ ಬಂತು. ನಡುವೆ ತಂದಳು, ಮಾಯ. ಆವತ್ತಿನ ಸ್ಲೈಡುಗಳ ತಟ್ಟೆ ಪಕ್ಕದಲ್ಲೇ ಇತ್ತು. ಅದನ್ನು ಮುಟ್ಟಲು ಧೈರ್ಯ ಬರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಮಾತು ತಲೆಯೊಳಗೆ ಸುಳಿಯಿತು. ತನಗೇ ಹಾಗೆ ಅನ್ನಿಸಿದ್ದು ಕಂಡು ಇನ್ನಷ್ಟು ಹೆದರಿದಳು. ಎದ್ದು ಹೋಗಿ ಹಿರಿಯ ಡಾಕ್ಟರಮ್ಮನ ಬಾಗಿಲು ತಟ್ಟಿದಳು.

ಡಾಕ್ಟರಮ್ಮ ನಗುವುದು ಅಪರೂಪ, ಕೂಗಾಡುವುದೂ ಅಪರೂಪ. ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದಿಟ್ಟರು.

"ಎಷ್ಟು ದಿನದಿಂದ?"

"ಗೊತ್ತಿಲ್ಲ ಡಾಕ್ಟ್ರೇ. ಅದೇ ಭಯ."

"ನೀವು ನೋಡಿದ ಮೂರು ತಿಂಗಳ ಸ್ಲೈಡು ಪೂರ್ತಿ ತೆಗೆಸ್ತೀನಿ. ಇಲ್ಲಿ ನಾವೆಲ್ಲ ಸೇರಿ ಅರ್ಧ ನೋಡ್ತೀವಿ, ಪಕ್ಕದ ಲ್ಯಾಬಿನವರು ಅರ್ಧ. ನೀವು ಇವತ್ತೇ ಕಣ್ಣಿನ ಆಸ್ಪತ್ರೆಗೆ ಹೋಗಿ. ಒಬ್ಬರೇ ಬೇಡ."

ಆಗ ತಂಗಿಗೆ ಫೋನ್ ಮಾಡಲೇಬೇಕಾಯಿತು. ತಂಗಿ ಅಳತೆ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಓಡಿ ಬಂದಳು. ಆಟೋದಲ್ಲಿ ಬೈಯುತ್ತಲೇ ಇದ್ದಳು. "ಎರಡು ದಿನ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ್ಯಲ್ಲ, ನಾನೇನು ನಿನಗೆ ಪಕ್ಕದ ಮನೆಯವಳಾ?" ಎಂದು ಬೈಯುತ್ತಾ ಅಕ್ಕನ ಕೈಯನ್ನು ಮಾತ್ರ ಬಿಡಲಿಲ್ಲ.

ಕಣ್ಣಿನ ಡಾಕ್ಟರು ಹುಡುಗನಂತಿದ್ದರು. ಕಣ್ಣಿನ ಹಿಂದಿನ ಪರದೆಯ ನಡುವೆ ಬೇಡದ ರಕ್ತನಾಳ ಬೆಳೆದು ಸೋರುತ್ತಿದೆ ಎಂದರು. ಇಂಜೆಕ್ಷನ್ ಕೊಡಬೇಕು, ತಡಮಾಡಬಾರದು.

"ಕೈಗಾ?" ಎಂದು ತಂಗಿ ಕೇಳಿದಳು.

"ಕಣ್ಣಿಗೇ."

ಮರುದಿನ ಅವಳನ್ನು ಮಲಗಿಸಿ ಮುಖದ ಮೇಲೆ ಹಸಿರು ಬಟ್ಟೆ ಹೊದಿಸಿದರು. ಬಲಗಣ್ಣು ಮಾತ್ರ ಹೊರಗೆ ಕಾಣುತ್ತಿತ್ತು. ರೆಪ್ಪೆ ಮುಚ್ಚದ ಹಾಗೆ ಕ್ಲಿಪ್ಪು ಹಾಕಿದರು. ಕಣ್ಣು ಮರಗಟ್ಟಿತ್ತು, ಭಯ ಮರಗಟ್ಟಿರಲಿಲ್ಲ. ಮೇಲಿನ ದೀಪ ನೋಡಿ ಎಂದರು. ನೋಡಲೇಬೇಕು, ಮುಖ ತಿರುಗಿಸುವಂತಿಲ್ಲ, ಓಡುವಂತಿಲ್ಲ. ಒಂದು ಒತ್ತಡ, ಆಮೇಲೆ ದೀಪದ ಮುಂದೆ ಕಪ್ಪು ಗುಳ್ಳೆಯೊಂದು ತೇಲಿ ಬಂತು. ಮುಗಿಯಿತು ಎಂದರು. ಅವಳು ಮಂಚದ ಅಂಚು ಹಿಡಿದಿದ್ದ ಬೆರಳುಗಳನ್ನು ನರ್ಸಮ್ಮ ಒಂದೊಂದಾಗಿ ಬಿಡಿಸಬೇಕಾಯಿತು.

ಅದಕ್ಕಿಂತ ಕಷ್ಟವಾದದ್ದು ಆಮೇಲಿನ ಹನ್ನೊಂದು ದಿನ. ಮನೆಯಲ್ಲಿ ಫೋನ್ ಸದ್ದಾದರೆ ಜೀವ ಬಾಯಿಗೆ ಬರುತ್ತಿತ್ತು. ತಂಗಿ ಅಂಗಡಿಗೆ ಕರೆದುಕೊಂಡು ಹೋಗಿ ಗುಂಡಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡಲು ಕೂರಿಸಿದಳು. ಅಂಗಡಿಗೆ ಬರುವ ಹೆಂಗಸರನ್ನೆಲ್ಲ ಅವಳು ತಲೆಯೆತ್ತಿ ನೋಡುತ್ತಿದ್ದಳು. ತಾನು ತಪ್ಪಿ ನೋಡಿದ ಸ್ಲೈಡು ಇವಳದ್ದಿರಬಹುದೇ? ಅವಳದ್ದಿರಬಹುದೇ? ರವಿಕೆ ಬಿಗಿಯಾಯಿತೆಂದು ನಗುತ್ತಾ ಜಗಳವಾಡುತ್ತಿದ್ದ ಒಬ್ಬಳನ್ನು ನೋಡುತ್ತಾ, ಕೈಯಲ್ಲಿದ್ದ ಕೆಂಪು ಗುಂಡಿಯನ್ನು ಹಸಿರಿನ ರಾಶಿಗೆ ಹಾಕಿಬಿಟ್ಟಳು.

ಹನ್ನೆರಡನೆಯ ದಿನ ಡಾಕ್ಟರಮ್ಮ ಕರೆಸಿದರು.

"ಎಲ್ಲ ನೋಡಿ ಆಯ್ತು. ಎರಡರಲ್ಲಿ ಅನುಮಾನ. ಒಂದರಲ್ಲಿ ಏನೂ ಇಲ್ಲ. ಇನ್ನೊಂದರಲ್ಲಿ ಇದೆ."

ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ನಲವತ್ತೊಂದು ವಯಸ್ಸು. ಎರಡು ತಿಂಗಳ ಹಿಂದಿನ ಸ್ಲೈಡು. ಮೊನ್ನೆ ಕರೆಸಿ ನಡೆದದ್ದನ್ನೆಲ್ಲ ಹೇಳಿದ್ವಿ. ಮತ್ತೆ ಪರೀಕ್ಷೆ ಮಾಡಿದ್ವಿ. ಇನ್ನೂ ಮೊದಲ ಹಂತ, ಸಣ್ಣ ಆಪರೇಷನ್‌ನಲ್ಲಿ ಹೋಗತ್ತೆ. ಮುಂದಿನ ವರ್ಷದ ತನಕ ಹಾಗೇ ಬಿಟ್ಟಿದ್ರೆ ಈ ಮಾತು ಹೇಳೋಕೆ ಆಗ್ತಿರಲಿಲ್ಲ."

"ಅವರು ಏನಂದ್ರು?"

"ತುಂಬ ಕೋಪ ಮಾಡ್ಕೊಂಡ್ರು. ಮಾಡ್ಕೋಬೇಕಾದ್ದೇ." ಡಾಕ್ಟರಮ್ಮ ಎದುರಿನ ಕಡತ ಮುಚ್ಚಿಟ್ಟರು. "ಆ ಸ್ಲೈಡು ಕಷ್ಟದ್ದು. ನನ್ನ ಕೈಯಲ್ಲೂ ತಪ್ಪಿಹೋಗ್ತಿತ್ತೇನೋ. ಆದರೆ ಅದನ್ನೇ ಸಮಾಧಾನ ಅಂತ ಇಟ್ಕೋಬೇಡಿ."

ಅವಳು ಇಟ್ಟುಕೊಳ್ಳಲಿಲ್ಲ. ಆವತ್ತು ಮನೆಗೆ ನಡೆದೇ ಹೋದಳು. ತಂಗಿಯ ಎದುರು ಕೂತು ಬಿಕ್ಕಿ ಬಿಕ್ಕಿ ಅತ್ತಳು. ತಂಗಿ ಈ ಸಲ ಬೈಯಲಿಲ್ಲ, ಎದ್ದು ಬಂದು ಪಕ್ಕದಲ್ಲಿ ಕೂತಳು.

ಲ್ಯಾಬಿನಲ್ಲಿ ಅಲ್ಲಿಂದ ಮುಂದೆ ಪ್ರತಿ ಸ್ಲೈಡನ್ನೂ ಇಬ್ಬರು ನೋಡಬೇಕು, ಎಲ್ಲರೂ ಆರು ತಿಂಗಳಿಗೊಮ್ಮೆ ಕಣ್ಣು ತೋರಿಸಬೇಕು ಎಂದು ನಿಯಮವಾಯಿತು. ಅವಳನ್ನು ಹೊಸಬರಿಗೆ ಕಲಿಸುವ ಕೆಲಸಕ್ಕೆ ಹಾಕಿದರು. ಅವಳೇ ಕೇಳಿಕೊಂಡದ್ದು ಅದು. ಕ್ಯಾಮೆರಾಕ್ಕೆ ಫಿಲ್ಮ್ ತುಂಬಿ, ಎಡಗಣ್ಣಲ್ಲೇ ಫೋಕಸ್ ಮಾಡುತ್ತಾ ಹತ್ತು ಫೋಟೋ ತೆಗೆದಳು. ಎಂಟು ಚೆನ್ನಾಗಿ ಬಂದವು, ಎರಡರಲ್ಲಿ ಕೈ ನಡುಗಿತ್ತು.

ಮೂರನೆಯ ಇಂಜೆಕ್ಷನ್ನಿಗೆ ಹೋದ ದಿನ, ಕಾಯುವ ಬೆಂಚಿನಲ್ಲಿ ಅವಳ ಪಕ್ಕದಲ್ಲಿ ಒಬ್ಬ ದಪ್ಪ ಮೀಸೆಯ ಲಾರಿ ಡ್ರೈವರು ಕೂತಿದ್ದ. ಕೈಯಲ್ಲಿದ್ದ ಚೀಟಿಯನ್ನು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಮಾಡುತ್ತಿದ್ದ. ಕೊನೆಗೆ ಅವಳ ಕಡೆ ತಿರುಗಿದ.

"ಅಕ್ಕಾ, ನಿಮಗೆ ಮೊದಲೇ ಆಗಿದೆಯಾ ಇದು? ನೋವಾಗತ್ತಾ?"

"ನೋವು ಅಷ್ಟಿಲ್ಲಪ್ಪ" ಎಂದಳು. "ಭಯ ಇರತ್ತೆ. ನನಗೆ ಈಗಲೂ ಇದೆ."

ಅವನು ತಲೆಯಾಡಿಸಿ, ಬೆಂಚಿನ ಮೇಲೆ ಅವಳ ಕಡೆಗೆ ಸ್ವಲ್ಪ ಸರಿದು ಕೂತ.