ಕಿಟಕಿಯ ಮುಂದೆ ಹೇಳಲಾಗದ್ದು

ಚಳಿ ಇನ್ನೂ ಬಿಟ್ಟಿರಲಿಲ್ಲ. ಬಿಸಿಲೇರುವ ಹೊತ್ತಿಗೆ ನನ್ನ ತಂಗಿಯ ಸೊಸೆ ಊರಿನ ಆಸ್ಪತ್ರೆಯಿಂದ ಮತ್ತೆ ತಲೆನೋವಿನ ಮಾತ್ರೆ ಹಿಡಿದುಕೊಂಡು ಬಂದಳು. ಅವಳಿಗೆ ತಲೆನೋವಿರಲಿಲ್ಲ. ಎದೆಯಲ್ಲೊಂದು ಗಂಟಿತ್ತು. ಅತ್ತೆಗೆ, ಅಂದರೆ ನನ್ನ ತಂಗಿಗೆ, ಮಾತ್ರ ಹೇಳಿದ್ದಳು. ಬಾಯಿಬಿಡಬೇಡ, ತಾನೇ ಕರಗುತ್ತದೆ ಎಂದಿದ್ದಳು ಅತ್ತೆ.

ನಮ್ಮ ಆಸ್ಪತ್ರೆಯಲ್ಲಿ ಮೊದಲು ಕಿಟಕಿಯ ಮುಂದೆ ನಿಂತು ಒಳಗಿರುವ ನರ್ಸಮ್ಮನಿಗೆ ಕಾಯಿಲೆ ಹೇಳಬೇಕು. ಕಿಟಕಿಗೆ ಅಂಟಿದಂತೆ ಬೆಂಚು, ಬೆಂಚಿನ ತುಂಬ ಊರು. ಅಲ್ಲಿ ಆಡಿದ ಮಾತು ಆಡಿದವರಿಗಿಂತ ಮೊದಲೇ ಮನೆ ಸೇರುತ್ತದೆ. ಅದಕ್ಕೇ ಹೆಂಗಸರೆಲ್ಲ ತಲೆನೋವು ಎನ್ನುವುದು ರೂಢಿಯಾಗಿತ್ತು. ಈ ಊರಿನ ನೀರೇ ಸರಿಯಿಲ್ಲ ಎಂದುಕೊಂಡಿದ್ದಳು ನರ್ಸಮ್ಮ, ಪಾಪ.

ಆ ವಾರವೇ ಆರೋಗ್ಯ ಅಧಿಕಾರಿಯೊಬ್ಬರು ಬಂದು, ಆಸ್ಪತ್ರೆ ಹೇಗೆ ನಡೆಯುತ್ತಿದೆ ಎಂದು ಅಂಗಳದಲ್ಲಿ ಜನರನ್ನು ಕೂರಿಸಿ ಕೇಳಿದರು. ಎಲ್ಲರೂ ಚೆನ್ನಾಗಿದೆ ಎಂದರು. ನನ್ನ ತಂಗಿಯೂ ಅದನ್ನೇ ಹೇಳುವವಳಿದ್ದಳು. ಪಕ್ಕದ ಮನೆಯ ಬಟ್ಟೆ ಹೊಲಿಯುವವಳು ಮೊಣಕೈಯಿಂದ ತಿವಿದು, ಕಿಟಕಿಯ ವಿಷಯ ಹೇಳು ಎಂದಳು.

"ನನ್ನ ಮೊಮ್ಮಗನ್ನ ಎತ್ತಿಕೊಟ್ಟ ಕೈ ಕಣೇ ಅದು. ನರ್ಸಮ್ಮನ ಮೇಲೆ ದೂರು ಹೇಳಲಾ?"

"ದೂರು ಕಿಟಕಿ ಮೇಲೆ ಅಕ್ಕ. ಕಿಟಕಿ ಏನೂ ಬೇಜಾರು ಮಾಡ್ಕೊಳಲ್ಲ."

ತಂಗಿ ಹಿಂದೆ ಕೂತಿದ್ದ ಸೊಸೆಯ ಮುಖ ನೋಡಿದಳು. ಎದ್ದು ನಿಂತು, ಸೊಸೆಯ ಸುದ್ದಿ ಎತ್ತದೆ, ಕಿಟಕಿಯ ಮುಂದೆ ಹೆಂಗಸರ ಬಾಯಿ ಕಟ್ಟುವ ಬಗೆಯನ್ನು ಮೆಲ್ಲಗೆ ಹೇಳಿದಳು. ಉಳಿದ ಹೆಂಗಸರು ತಲೆ ತಗ್ಗಿಸಿ ನಕ್ಕರು. ನರ್ಸಮ್ಮ ಬಂದು ಅವಳ ಕೈ ಹಿಡಿದುಕೊಂಡಳು.

"ಎಲ್ಲರೂ ಚೆನ್ನಾಗಿದೆ ಅಂತಿದ್ರೆ ನಾನು ಯಾವುದನ್ನ ಅಂತ ಸರಿಮಾಡ್ಲಿ ಅಮ್ಮಾ? ಹೇಳಿದ್ದು ಒಳ್ಳೇದಾಯ್ತು."

ಮರುದಿನವೇ ಬೆಂಚು ದೂರದ ಗೋಡೆಗೆ ಹೋಯಿತು. ಔಷಧಿ ಡಬ್ಬಗಳಿದ್ದ ಚಿಕ್ಕ ಕೋಣೆಯನ್ನು ತೆರವು ಮಾಡಿ, ಬಾಗಿಲು ಮುಚ್ಚಿಕೊಂಡು ಒಬ್ಬೊಬ್ಬರನ್ನೇ ಕೇಳತೊಡಗಿದರು. ಸೊಸೆ ಒಳಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನರ್ಸಮ್ಮ ಮುಟ್ಟಿ ನೋಡಿದಳು. ಗಂಟೆಲ್ಲ ಕೆಟ್ಟದ್ದೇ ಆಗಿರಬೇಕೆಂದಿಲ್ಲ, ಆದರೆ ಪರೀಕ್ಷೆಗೆ ತಡಮಾಡಬಾರದು ಎಂದು ದೊಡ್ಡಾಸ್ಪತ್ರೆಗೆ ತಾನೇ ಫೋನು ಮಾಡಿದಳು. ಅತ್ತೆ ಈ ಸಲ ಅಡ್ಡಿ ಹೇಳಲಿಲ್ಲ. ನಾನೂ ಬರ್ತೀನಿ ಎಂದಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಆಸ್ಪತ್ರೆಯಲ್ಲಿ ಏನು ಕೊರತೆ ಎಂದು ಕೇಳಿದರೆ ದಾಕ್ಷಿಣ್ಯ ಮಾಡಬೇಡಿ. ಯಾರೂ ಕೇಳದಿದ್ದರೆ ನೀವೇ ಹೋಗಿ ಹೇಳಿ. ಬೈಯಬೇಕಾಗಿಲ್ಲ, ಕಂಡದ್ದನ್ನು ಹೇಳಿದರೆ ಸಾಕು. ನೀವು ನುಂಗಿಕೊಂಡ ಮಾತಿನಿಂದ ಇನ್ನೊಬ್ಬಳ ಜೀವಕ್ಕೆ ತೊಂದರೆಯಾದೀತು.

ಗುರುವಾರ ಮೊದಲ ಬಸ್ಸಿಗೆ ಅತ್ತೆ ಸೊಸೆ ಇಬ್ಬರೂ ಹೊರಟರು. ಚೀಲವನ್ನು ಅತ್ತೆಯೇ ಹೊತ್ತಿದ್ದಳು.